ಕಲ್ಲುಗಿಡಕ್ಕೆ ನೀರು

ಗಿಡ ಬೆಳೆಸಲು ನನಗಿರುವ ಅರ್ಹತೆ ಒಂದೇ: ನಾನು ಸೋಮಾರಿ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸವಣೂರಿನಿಂದ ಹುಬ್ಬಳ್ಳಿಯ ಪತ್ರಿಕೆಗೆ ಸುದ್ದಿ ಕಳಿಸುವವನು ಕಂಡದ್ದನ್ನಷ್ಟೇ ಬರೆಯಬೇಕು. ನಾನು ಕಂಡಂತೆ, ಕಲ್ಲುಗಿಡಕ್ಕೆ ಬೇಕಾದವರು ಸೋಮಾರಿಗಳೇ.

ಪಕ್ಕದ ಮನೆಯ ಖಾದರಸಾಬರು ವೀಳ್ಯದೆಲೆಯ ವ್ಯಾಪಾರಿ. ಅವರ ಅಣ್ಣ ಆಫ್ರಿಕಾದಲ್ಲಿ ಅಂಗಡಿ ಇಟ್ಟವರು. ಮಹಾಯುದ್ಧಕ್ಕೆ ಮೊದಲು ಒಮ್ಮೆ ಅವರು ಯಲವಿಗಿ ಸ್ಟೇಶನ್ನಿನಲ್ಲಿ ಇಳಿದಾಗ ಟ್ರಂಕಿನೊಳಗೆ, ಚಿಂದಿಯಲ್ಲಿ ಸುತ್ತಿದ ಮೂರು ಗಿಡಗಳಿದ್ದವು. ಗಿಡವೆಂದರೆ ಯಾರೂ ನಂಬಲಿಲ್ಲ. ಬೂದುಗೆಂಪು ಬಣ್ಣದ, ನಡುವೆ ಸೀಳಿದ ಹಳ್ಳದ ಹರಳುಗಳಂತಿದ್ದವು. ಸೀಳಿನ ಎರಡು ಪಕ್ಕಗಳೇ ಎರಡು ಎಲೆ. ಮೇಯುವ ಪ್ರಾಣಿಗಳ ಬಾಯಿಗೆ ಬೀಳದಿರಲು ಕಲ್ಲಿನ ವೇಷ. ಊರಿನ ಚಂದಾಪಟ್ಟಿ ಎತ್ತಲು ಹೋದಾಗ ಕೆಲವು ಶ್ರೀಮಂತರಲ್ಲೂ ಈ ಕಲೆಯನ್ನು ಕಂಡಿದ್ದೇನೆ.

ಯುದ್ಧ ಶುರುವಾದ ಮೇಲೆ, ಆಫ್ರಿಕಾಕ್ಕೆ ಮರಳಿದ್ದ ಅಣ್ಣನ ಸುದ್ದಿ ನಿಂತಿತು. ಖಾದರಸಾಬರ ಪಾಲಿಗೆ ಉಳಿದದ್ದು ಈ ಮೂರು ಗಿಡ. ಎಲೆಗೆ ನೀರು ಚಿಮುಕಿಸುವುದು ಅವರ ಕೈಗೆ ಅಂಟಿದ ಚಾಳಿ. ಒಂದನ್ನು ವೀಳ್ಯದೆಲೆಯಂತೆ ತಂಪಾಗಿಟ್ಟು ಕೊಳೆಸಿದರು. ಉಳಿದೆರಡನ್ನು ಬೆಳಗಿನ ಬಿಸಿಲು ಬೀಳುವ ನಮ್ಮ ಅಂಗಳದ ಗೋಡೆಗೆ ತಂದಿಟ್ಟರು. ನಾನು ತಳದಲ್ಲಿ ತೂತಿದ್ದ ಕುಂಡಗಳಿಗೆ ದಪ್ಪ ಮರಳು, ಇಟ್ಟಂಗಿಯ ಚೂರು ತುಂಬಿದೆ.

“ಅಣ್ಣ ಬಂದಾಗ ಒಂದರೆ ತೋರಸಬೇಕ್ರಿ,” ಎಂದರು.

ನಾನು ಲೆಕ್ಕಕ್ಕೆ ಹಿಡಿಯದೆ ಹೋದದ್ದು ನಮ್ಮ ಅವ್ವನನ್ನು. ಸ್ನಾನವಾದೊಡನೆ ಆಕೆ ಅವುಗಳ ಮೇಲೆ ತಂಬಿಗೆ ನೀರು ಸುರಿದು ವಿಭೂತಿ ಹಚ್ಚುತ್ತಿದ್ದಳು. ಎರಡನೆಯದೂ ಕೊಳೆಯಿತು.

“ಅವ್ವಾ, ಅದು ಕಲ್ಲಲ್ಲ, ಗಿಡ.”

“ಗಿಡಕ್ಕ ನೀರು ಬ್ಯಾಡೇನು?”

“ಬಾಳ ಬ್ಯಾಡ. ಕಲ್ಲಿನಂಗ ಇರ್ತೈತಿ.”

“ಕಲ್ಲಾದ್ರ ಅಭಿಷೇಕ ಮಾಡಬೇಕಲ್ಲೋ.”

ವಾದದಲ್ಲಿ ಗೆದ್ದರೂ, ಒಂದು ಕೊಳೆತದ್ದನ್ನು ಕಂಡ ಅವ್ವ ಬೇಸಿಗೆಯವರೆಗೆ ಅಭಿಷೇಕ ನಿಲ್ಲಿಸಿದಳು.

ಬೇಸಿಗೆಯಲ್ಲಿ ಉಳಿದೊಂದು ಗಿಡವೂ ಸುಕ್ಕುಗಟ್ಟತೊಡಗಿತು. ಅದರ ಕ್ರಮವೇ ಹಾಗೆ. ಹಳೆಯ ಎಲೆಗಳಲ್ಲಿರುವ ನೀರು ಕುಡಿದೇ ಒಳಗೆ ಹೊಸ ಜೋಡಿ ಬೆಳೆಯುತ್ತದೆ. ಹಳೆಯದು ಒಣಗಿ ಸಿಪ್ಪೆಯಾಗುವ ತನಕ ಹೊರಗಿನ ನೀರು ಕೂಡದು. ಸಾಬರ ಅಣ್ಣ ಹೇಳಿಹೋದದ್ದೂ ಅದನ್ನೇ. ಆದರೆ ಬಾಯಾರಿಕೆ ಕಣ್ಣಿಗೇ ಕಾಣುವಾಗ ಅವ್ವನನ್ನು ತಡೆಯುವವರಾರು? ಒಂದು ಬೆಳಗ್ಗೆ ಆಕೆ ತಂಬಿಗೆ ಎತ್ತಿದ್ದನ್ನು ಕಂಡು ಖಾದರಸಾಬರು ಅವಸರದಿಂದ ಬಂದರು.

“ಅವ್ವಾರ, ಬ್ಯಾಡ್ರಿ. ಅದು ರೋಜಾ ಹಿಡದೈತ್ರಿ.”

ಅವ್ವನ ಕೈ ನಿಂತಿತು. ರಂಜಾನಿನಲ್ಲಿ ಉಪವಾಸವಿದ್ದ ಸಾಬರು ಮನೆಗೆ ಬಂದರೆ ನೀರಿನ ಕೊಡವನ್ನೂ ಮರೆಗೆ ಸರಿಸುವವಳು ಆಕೆ.

“ರಂಜಾನ್ ಇನ್ನೂ ದೂರ ಐತಲ್ಲಪಾ?”

“ಆಫ್ರಿಕಾದ್ದರೀ ಅದು. ಅಲ್ಲಿ ಲೆಕ್ಕ ಬ್ಯಾರೆ.”

ಅಂದಿನಿಂದ ಅವ್ವ ಕುಂಡದ ಹತ್ತಿರ ತಂಬಿಗೆ ತರಲಿಲ್ಲ. ಅದರೆದುರು ತಾನೂ ನೀರು ಕುಡಿಯಲಿಲ್ಲ. ಮಳೆ ಹನಿದರೆ ಓಡಿಹೋಗಿ ಮೊರ ಮುಚ್ಚುತ್ತಿದ್ದಳು. ಸಸ್ಯಶಾಸ್ತ್ರದಿಂದ ಆಗದ್ದು ಒಂದು ಸುಳ್ಳಿನಿಂದ ಆಯಿತು ಎಂದು ಬರೆಯಬಹುದಿತ್ತು; ಆದರೆ ಗಿಡ ಉಪವಾಸವಿದ್ದದ್ದು ನಿಜವಾದ್ದರಿಂದ ಸುಳ್ಳೆನ್ನಲು ನನ್ನ ಲೇಖನಿ ಒಪ್ಪುತ್ತಿಲ್ಲ.

ಒಂದು ಸಂಜೆ ನೋಡಿದರೆ, ಕಾಗದದಂತೆ ಒಣಗಿದ ಸಿಪ್ಪೆಯ ನಡುವೆ ಹೊಸ ಜೋಡಿ ದುಂಡಗೆ ಕೂತಿತ್ತು. ಅವ್ವ ತಂಬಿಗೆ ಹಿಡಿದುಕೊಂಡೇ ಸಾಬರನ್ನು ಕರೆದಳು.

“ಈಗ ರೋಜಾ ಬಿಡಬಹುದೇನಪಾ?”

ಅವರು ಬಗ್ಗಿ ನೋಡಿದರು. ಆಮೇಲೆ ತಂಬಿಗೆಯಿಂದ ಒಂದು ಚಮಚೆ ನೀರು ತೆಗೆದು ಕುಂಡದ ಅಂಚಿಗೆ ಹಾಕಿದರು. ಸಂತೋಷಕ್ಕೋ, ಹಳೆಯ ಚಾಳಿಗೋ, ಇನ್ನೊಂದು ಚಮಚೆಗೆ ಕೈ ಹೋಯಿತು. ಅವ್ವ ತಂಬಿಗೆಯನ್ನೇ ಹಿಂದಕ್ಕೆಳೆದುಕೊಂಡಳು.

“ಸಾಕು ಬಿಡಪಾ. ಉಪಾಸ ಇದ್ದದ್ದಕ್ಕ ಒಮ್ಮಿಗೇ ಅಷ್ಟು ಕೊಡಬಾರದು. ನಿಮ್ಮಣ್ಣ ಬಂದು ನೋಡಬೇಕೋ ಬ್ಯಾಡೋ?”