ಕಾಟಾದ ಪಂಪಣ್ಣನವರ ಎದುರಿನ ಬೆಂಚು

ಮಾನ್ಯ ಓದುಗರಲ್ಲಿ ಮೊದಲಿಗೇ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಸೇವೆಯುದ್ದಕ್ಕೂ ಬರೆದದ್ದು ಕಚೇರಿಯ ಪತ್ರಗಳನ್ನೇ ಹೊರತು ಬೇರೇನನ್ನೂ ಅಲ್ಲ. ಒಬ್ಬ ಮನುಷ್ಯನನ್ನು ಕುರಿತು ಬರೆಯುತ್ತಿರುವುದು ಇದೇ ಪ್ರಥಮ. ಅಕ್ಷರ ಡೊಂಕಾಗಿದೆ; ಒತ್ತು ದೀರ್ಘಗಳಲ್ಲಿ ತಪ್ಪಿರುವ ಸಂಭವವೂ ಇದೆ. ಮನ್ನಿಸಿ ಮುಂದೆ ಓದಬೇಕಾಗಿ ಕೋರುತ್ತೇನೆ.

ಪಂಪಣ್ಣನವರು ಯಾರನ್ನು ಮಾತನಾಡಿಸುವಾಗಲೂ ಕಣ್ಣನ್ನು ನೋಡುತ್ತಿರಲಿಲ್ಲ, ಕಿವಿಯನ್ನು ನೋಡುತ್ತಿದ್ದರು. ಹೊಸಬರು ತಮ್ಮ ಹಿಂದೆ ಯಾರೋ ನಿಂತಿದ್ದಾರೆಂದು ತಿಳಿದು ತಿರುಗಿ ನೋಡುವುದಿತ್ತು. "ಮೂಗು, ಬಾಯಿ ಹೊತ್ತಿಗೊಂದು ಥರ ಆಗ್ತಾವ್ರಿ. ಕಿವಿ ಹಂಗಲ್ಲ. ಕಿವಿ ಸಿಕ್ತಂದ್ರ ಮನಷ್ಯಾ ಸಿಕ್ಕಂಗ," ಎಂಬುದು ಅವರ ಸಿದ್ಧಾಂತವಾಗಿತ್ತು.

ಸದರಿ ಪಂಪಣ್ಣನವರು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಭತ್ತದ ಮೂಟೆಗಳನ್ನು ಕಾಟಾ ಎಂಬ ತೂಕದ ಯಂತ್ರದಲ್ಲಿ ತೂಗುವ ಕೆಲಸದಲ್ಲಿದ್ದರು. ಊರಿನವರು ಕಾಟಾದ ಪಂಪಣ್ಣ ಎಂದೇ ಕರೆಯುತ್ತಿದ್ದರು. ಹುಟ್ಟೂರು ಕುರುಗೋಡು. ಮದುವೆಯಾಗಿರಲಿಲ್ಲ, ಗಿರಣಿಯ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಪತ್ರಿಕೆಗಳಲ್ಲಿ ಬರುವಂಥ ವ್ಯಂಗ್ಯಚಿತ್ರ ಬರೆಯುವುದನ್ನು ಕಲಿಯಬೇಕೆಂಬುದು ಅವರ ಒಂದೇ ಆಸೆ. ಕಲಿಸುವವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಆ ಊರಿಗೆ ವರ್ಗವಾಗಿ ಹೋದಾಗ, ಸಂಜೆಯ ಹೊತ್ತು ಖಾಜಾಸಾಬರ ಚಹಾದಂಗಡಿಯಲ್ಲಿ ಅವರ ಪರಿಚಯವಾಯಿತು. ಅಂಗಡಿಯ ಮೂಲೆಯಲ್ಲಿ ಎದುರುಬದುರಾಗಿ ಎರಡು ಬೆಂಚುಗಳಿದ್ದವು. ಒಂದರಲ್ಲಿ ಪಂಪಣ್ಣನವರು ಹಲಗೆ, ಹಾಳೆ ಹಿಡಿದು ಕುಳಿತಿರುತ್ತಿದ್ದರು. ಎದುರಿನ ಬೆಂಚಿಗೆ ಸರದಿ ಹತ್ತಿರುತ್ತಿತ್ತು. ಏಕೆಂದರೆ ಆ ಕಾಲದಲ್ಲಿ ಅವರು ಯಾರನ್ನು ಬರೆದರೂ ಆ ಮುಖ ಸ್ವತಃ ಪಂಪಣ್ಣನವರದೇ ಆಗಿಬಿಡುತ್ತಿತ್ತು. ಅದನ್ನು ನೋಡಿ ನಗುವುದೇ ಊರಿನ ಸಂಜೆಯ ಕಾರ್ಯಕ್ರಮ.

ಭತ್ತದ ವ್ಯಾಪಾರಿ ಗಾದಿಲಿಂಗಪ್ಪ ಅವರ ಬಾಲ್ಯದ ಗೆಳೆಯ. ಆತ ತನ್ನ ಚಿತ್ರವನ್ನು ದೀಪಕ್ಕೆ ಹಿಡಿದು, "ಲೇ ಪಂಪಾ, ನಾನ್ಯಾವಾಗ ನಿಮ್ಮಪ್ಪಗ ಹುಟ್ಟಿದ್ನಲೇ? ಹೊಲದಾಗ ನಂಗೂ ಪಾಲು ಐತೇನು?" ಎಂದ. ಅಂಗಡಿಯೆಲ್ಲ ನಕ್ಕಿತು. ಖಾಜಾಸಾಬರು ಚಹಾ ಸೋಸುತ್ತಲೇ, "ಮುಂದಿನ ವಾರ ನನ್ನ ಎಮ್ಮಿ ತರ್ತೀನಿ ಪಂಪಣ್ಣ, ಅದ್ರ ಚಿತ್ರಾನೂ ತೆಗೀ. ಅದೂ ನಿಮ್ಮ ಬಳಗ ಸೇರ್ಲಿ," ಎಂದರು. ಪಂಪಣ್ಣನವರು ತಾವೂ ನಕ್ಕು, ಹಾಳೆಯನ್ನು ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಕೋಣೆಗೆ ಹೋದ ಮೇಲೆ ಅವರು ನಗುತ್ತಿರಲಿಲ್ಲವೆಂಬುದು ನನಗೆ ಕ್ರಮೇಣ ತಿಳಿಯಿತು. ಗೋಡೆಗೆ ಒಂದು ಒಡಕು ಕನ್ನಡಿ ತೂಗುಹಾಕಿಕೊಂಡು ತಮ್ಮ ಮುಖವನ್ನೇ ಮತ್ತೆ ಮತ್ತೆ ಬರೆಯುತ್ತಿದ್ದರು. ಕಾರಣವೇನೆಂದು ವಿಚಾರಿಸಲಾಗಿ, "ನನ್ನ ಮುಖ ನನ್ನ ಕೈಯಾಗ ಕುಂತೈತಿ ಗುಮಾಸ್ತ್ರೇ. ಅದನ್ನ ಪೂರಾ ಗುರ್ತು ಹಿಡಕಂಡು ಹೊರಾಗ ಹಾಕ್ಬೇಕು. ಆಮ್ಯಾಲ ಮಂದಿ ಒಳಗ ಬರ್ತಾರ," ಎಂದು ತಿಳಿಸಿದರು. ಅನಂತರ ಬಹಳ ಕಾಲ ಬರೀ ಕಿವಿಗಳನ್ನೇ ಬರೆದರು. ಗಿರಣಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಕಿವಿಗಳನ್ನು ಸುಣ್ಣ ಹೊಡೆಯುವವರೆಗೂ ನಾನೇ ಕಂಡಿದ್ದೇನೆ. ಹಗಲು ಕಾಟಾದ ಬಳಿ ನಿಂತು ಜನರನ್ನು ಗಮನಿಸುವುದು ಅವರಿಗೆ ಪಾಠವಾಗಿತ್ತು. "ಮೂಟಿ ಮ್ಯಾಲಿಟ್ಟು ಕಾಟಾದ ಕಡ್ಡಿ ಏಳ್ತೈತೋ ಇಲ್ಲೋ ಅಂತ ನೋಡೋ ಹೊತ್ನಾಗ ಯಾವನೂ ತನ್ನ ಮುಖ ಕಾಯಂಗಿಲ್ರಿ. ಆವಾಗ ಕದೀಬೇಕು," ಎನ್ನುತ್ತಿದ್ದರು.

ಚಿತ್ರಗಳನ್ನು ಬಳ್ಳಾರಿಯ ಒಂದು ವಾರಪತ್ರಿಕೆಗೆ ಕಳುಹಿಸುತ್ತಿದ್ದರು. ಜೊತೆಗಿಡುವ ಪತ್ರವನ್ನು ಬರೆದುಕೊಡುವ ಹೊಣೆ ನನ್ನದು. "ವಿಷಯ: ವ್ಯಂಗ್ಯಚಿತ್ರ ಸಲ್ಲಿಸುವ ಬಗ್ಗೆ" ಎಂದು ಆರಂಭಿಸಿ, "ಸೂಕ್ತ ಕ್ರಮಕ್ಕಾಗಿ" ಎಂದು ಮುಗಿಸುತ್ತಿದ್ದೆ. ಚಿತ್ರಗಳು ತಪ್ಪದೇ ಹಿಂದಿರುಗುತ್ತಿದ್ದವು. ಕಾರಣ ನಮೂದಾಗಿರುತ್ತಿರಲಿಲ್ಲ. ಹೀಗೆ ವರ್ಷಗಳು ಕಳೆದ ಮೇಲೆ, ಒಂದು ದಿನ ನಾವಿಬ್ಬರೂ ಬಸ್ಸು ಹಿಡಿದು ಬಳ್ಳಾರಿಗೆ ಹೋಗಿ ಆ ಪತ್ರಿಕೆಯ ಮುದ್ರಣಾಲಯವನ್ನು ವಿಚಾರಿಸಿಕೊಂಡು ಹೋದೆವು. ಅಲ್ಲಿದ್ದ ಮೇಲ್ವಿಚಾರಕರು ಚಿತ್ರವನ್ನು ನೋಡುತ್ತಲೇ, "ನೀಲಿ ಮಸಿಯಾಗ ಬರ್ದೀರಲ್ರೀ! ಕ್ಯಾಮರಾದಾಗ ನೀಲಿ ಬರಂಗಿಲ್ಲ. ಅಚ್ಚಿನ ಬ್ಲಾಕ್ ಮಾಡಿದ್ರ ಬಿಳೀ ಹಾಳಿ ಬರ್ತೈತಿ, ಅಷ್ಟಽ. ಕರೀ ಮಸಿ ತಗೊಳ್ರಿ," ಎಂದರು.

ಇಷ್ಟು ವರ್ಷವೂ ಪಂಪಣ್ಣನವರು ಬರೆದದ್ದು ನನ್ನ ಕಚೇರಿಯಲ್ಲಿ ಬಳಸುವಂಥ ನೀಲಿ ಮಸಿಯಲ್ಲಿ. ಹಿಂದಿರುಗುವ ಬಸ್ಸಿನಲ್ಲಿ ಅವರು ಕರೀ ಮಸಿಯ ಹೊಸ ಶೀಶೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ಕುಳಿತಿದ್ದರು. ಸಮಾಧಾನ ಹೇಳೋಣವೆಂದು, ತಪ್ಪು ಮಸಿಯದು, ಚಿತ್ರದ್ದಲ್ಲವೆಂದು ತಿಳಿಯಿತಲ್ಲ ಎಂದೆ. "ಅದಽ ಕಷ್ಟ ಗುಮಾಸ್ತ್ರೇ. ಚಿತ್ರ ಛಲೋ ಐತೋ ಇಲ್ಲೋ ಅನ್ನೋದು ಇನ್ನೂ ಗೊತ್ತಾಗ್ಲಿಲ್ಲಲ್ಲ," ಎಂದರು.

ಅದು ಗೊತ್ತಾಗುವ ಸಂದರ್ಭವೂ ಬಂದಿತು. ಕರೀ ಮಸಿಯಲ್ಲಿ ಬರೆದ ಒಂದು ಚಿತ್ರ ಆ ವಾರಪತ್ರಿಕೆಯಲ್ಲಿ ಅಚ್ಚಾಯಿತು. ಕಾಟಾದ ಹಲಗೆಯ ಮೇಲೆ ಭತ್ತದ ಮೂಟೆ. ಪಕ್ಕದಲ್ಲಿ ಆಕಾಶ ನೋಡುತ್ತಾ ನಿಂತ ವ್ಯಾಪಾರಿ. ಮೂಟೆಯ ಜೊತೆಗೆ ಆತನ ಕಾಲಿನ ಹೆಬ್ಬೆರಳೂ ಹಲಗೆಯ ಮೇಲೆ. ಗಾದಿಲಿಂಗಪ್ಪ ತೂಕ ಹೆಚ್ಚಲೆಂದು ಹಾಗೆ ಬೆರಳಿಡುವುದು ಗಿರಣಿಯಲ್ಲಿ ದಿನನಿತ್ಯದ ತಮಾಷೆಯಾಗಿತ್ತು. "ಗಾದಿಲಿಂಗಾ, ಬೆಳ್ಳು ತಗಿಯೋ, ಅದನ್ನೂ ಅಕ್ಕಿ ಮಾಡ್ಬೇಕೇನು?" ಎಂದು ಪಂಪಣ್ಣನವರು ನಗುವುದು, ಆತ ನಕ್ಕು ಕಾಲು ತೆಗೆಯುವುದು ಎಲ್ಲರೂ ಕಂಡದ್ದೇ. ಆದರೆ ತಮಾಷೆ ಅಚ್ಚಿಗೆ ಹೋದಾಗ ತಮಾಷೆಯಾಗಿ ಉಳಿಯಲಿಲ್ಲ. ಚಿತ್ರದ ಕೆಳಗೆ ಯಾರ ಹೆಸರೂ ಇರಲಿಲ್ಲ. ಆದರೂ ಊರಿಗೆ ಊರೇ ಗುರುತು ಹಿಡಿಯಿತು.

ಆ ಸಂಜೆ ಗಾದಿಲಿಂಗಪ್ಪ ಬಂದು ಎದುರಿನ ಬೆಂಚಿನಲ್ಲಿ ಕುಳಿತ. ಪತ್ರಿಕೆಯನ್ನು ನಡುವೆ ಇಟ್ಟ.

"ಪಂಪಾ, ಇದು ನಾನಲ್ಲ ಅಂತ ಹೇಳು. ಎಲ್ರ ಮುಂದ ಒಂದ್ಸಲ ಹೇಳಿಬಿಡು. ಮುಗೀತು."

ಹೇಳಿಬಿಡಬಹುದಾಗಿತ್ತು. ಖಾಜಾಸಾಬರೂ ದೂರದಿಂದ ಹೇಳೆಂದು ಸನ್ನೆ ಮಾಡಿದರು. ಪಂಪಣ್ಣನವರು ಚಿತ್ರವನ್ನು ನೋಡಿದರು, ಗೆಳೆಯನ ಕಿವಿಯನ್ನು ನೋಡಿದರು, ಪುನಃ ಚಿತ್ರವನ್ನು ನೋಡಿದರು. ಅಲ್ಲವೆಂದರೆ ಕನ್ನಡಿಯ ಮುಂದೆ ಕಳೆದ ಅಷ್ಟೂ ವರ್ಷಗಳು ಸುಳ್ಳಾಗುತ್ತಿದ್ದವು.

"ನೀನಽ ಅದೀಯಪ್ಪ," ಎಂದರು. ಅವರ ದನಿಯಲ್ಲಿ ಹೆದರಿಕೆಯೂ ಇತ್ತು, ಸಂತೋಷವೂ ಇತ್ತು. ಎರಡನ್ನೂ ಮುಚ್ಚಿಡಲು ಅವರಿಗೆ ಬರಲಿಲ್ಲ.

ಗಾದಿಲಿಂಗಪ್ಪ ಚಹಾ ಪೂರ್ತಿ ಕುಡಿದು, ಲೋಟವನ್ನು ಮೆಲ್ಲಗೆ ಇಟ್ಟು ಎದ್ದುಹೋದ. ತದನಂತರ ಆ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಪಂಪಣ್ಣನವರು ಒಳಗೆ ಬಂದರೆ ಜನ ಹೆಗಲ ಮೇಲಿನ ಟವೆಲನ್ನು ಚಳಿಗೆಂಬಂತೆ ಕಿವಿಯ ಮೇಲೆ ಸುತ್ತಿಕೊಳ್ಳುತ್ತಿದ್ದರು. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ! ಕೆಟ್ಟದಾಗಿ ಬರೆಯುತ್ತಿದ್ದಾಗ ಸುತ್ತ ಜಾತ್ರೆಯನ್ನೇ ಕಂಡಿದ್ದ ಪಂಪಣ್ಣನವರು, ಬರೆಯಲು ಬಂದ ಮೇಲೆ ಒಂಟಿಯಾಗಿ ಚಹಾ ಕುಡಿಯತೊಡಗಿದರು. ಆದರೂ ಹಲಗೆಯನ್ನು ಮನೆಯಲ್ಲಿಟ್ಟು ಬಂದ ದಿನವಿಲ್ಲ. ಎದುರಿಗೆ ಜನರಿಲ್ಲದಿದ್ದರೆ ನೆನಪಿನಿಂದ ಬರೆಯುತ್ತಿದ್ದರು. ನಾನು ಅವರ ಪಕ್ಕದಲ್ಲಿ ಕೂರುತ್ತಿದ್ದೆ. ಮೊದಲಿನಿಂದಲೂ ನನ್ನ ಜಾಗ ಅದೇ ಆಗಿತ್ತು.

ಕಾಲಾಂತರದಲ್ಲಿ ನನಗೆ ಬಳ್ಳಾರಿಗೆ ವರ್ಗವಾಯಿತು. ಅವರು ಕೆಲಸ ಬಿಟ್ಟು ಕುರುಗೋಡಿಗೆ ಹೋಗಿ ನೆಲೆಸಿದರು. ಬಿಡುವಾದ ಭಾನುವಾರಗಳಂದು ಬಸ್ಸು ಹತ್ತಿ ಹೋಗುತ್ತಿದ್ದೆ. ಮನೆಯ ಕಟ್ಟೆಯ ಮೇಲೆ ಕುಳಿತು ಗುಡ್ಡದ ಬಂಡೆಗಳನ್ನು ಬರೆಯುತ್ತಿರುತ್ತಿದ್ದರು. "ಕಲ್ಲು ಸಿಟ್ಟಾಗಂಗಿಲ್ಲ, ಎದ್ದೂ ಹೋಗಂಗಿಲ್ಲ. ಆದ್ರ ಬರ್ಯಾಕ ಮಜಾ ಇಲ್ರಿ," ಎಂದು ನಗುತ್ತಿದ್ದರು.

ಎಂಬತ್ತರ ದಶಕದಲ್ಲಿ, ಕೊನೆಯ ಸಲ ಹೋದಾಗ ನಾನಾಗಿಯೇ ಎದುರಿಗೆ ಕುಳಿತೆ. ಇಷ್ಟು ಕಾಲದಲ್ಲಿ ನನ್ನದೊಂದು ಚಿತ್ರವನ್ನೂ ತೆಗೆಯಲಿಲ್ಲವಲ್ಲ, ಇಂದು ತೆಗೆಯಿರಿ, ಹೇಗೆ ಬಂದರೂ ನನ್ನ ಆಕ್ಷೇಪಣೆ ಇಲ್ಲ ಎಂದು ಕೇಳಿಕೊಂಡೆ. ಅವರು ಹಾಳೆ ಸಿದ್ಧಪಡಿಸಿ, ಲೇಖನಿಯನ್ನು ಮಸಿಯಲ್ಲಿ ಅದ್ದಿ, ಬಹಳ ಹೊತ್ತು ನನ್ನನ್ನು ನೋಡಿದರು. ಅಂದು ಮಾತ್ರ ಕಿವಿಯನ್ನಲ್ಲ, ಕಣ್ಣನ್ನು ನೋಡಿದರು. ಅನಂತರ ಲೇಖನಿಯನ್ನು ಒರೆಸಿ ಪಕ್ಕಕ್ಕಿಟ್ಟರು.

"ಬ್ಯಾಡ್ರಿ ಗುಮಾಸ್ತ್ರೇ."

"ಯಾಕ್ರಿ? ನನ್ನ ಮುಖ ನಿಮಗ ಬರಂಗಿಲ್ಲೇನು?"

"ಬರ್ತೈತಿ. ಪಕ್ಕಾ ಬರ್ತೈತಿ. ಅದಕ್ಕಽ ಬ್ಯಾಡ. ಈಗ ನನ್ನ ಮನಿಗೆ ಬರಾವ್ರು ನೀವೊಬ್ರಽ ಅದೀರಿ."

ಬಳಿಕ ಒಳಗಿನಿಂದ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಂದಿಟ್ಟರು. ಇಬ್ಬರೂ ತಿಂದೆವು. ಬಸ್ಸಿನವರೆಗೂ ನಡೆದು ಬಂದು ಕಳುಹಿಸಿಕೊಟ್ಟರು. ಮುಂದಿನ ಸಲ ನಾನು ಹೋಗುವ ಮೊದಲೇ ಅವರು ತೀರಿಕೊಂಡಿದ್ದರು.

ಗಾದಿಲಿಂಗಪ್ಪ, ಖಾಜಾಸಾಬರು, ಗಿರಣಿಯ ಹಮಾಲರು, ಹೀಗೆ ಸಿರುಗುಪ್ಪದ ಅರ್ಧ ಊರು ಅವರ ಹಾಳೆಗಳಲ್ಲಿದೆ. ನಾನೊಬ್ಬನೇ ಅಲ್ಲಿ ಇಲ್ಲ. ಈ ವಿಷಯವನ್ನು ಹೆಮ್ಮೆಯಿಂದ ತಿಳಿಸಬೇಕೋ ದುಃಖದಿಂದ ತಿಳಿಸಬೇಕೋ ಎಂಬುದು ನನಗೆ ಇಂದಿಗೂ ನಿಶ್ಚಯವಾಗಿಲ್ಲ.

ಮೇಲೆ ಬರೆದುದರಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವು ದಯಮಾಡಿ ತಿದ್ದಬೇಕು, ನನಗೂ ತಿಳಿಸಬೇಕು. ಕಲಿಯಲು ಇನ್ನೂ ಮನಸ್ಸಿದೆ.