ಎರಡನೇ ಕ್ಯಾಸೆಟ್ಟಿನ ನಾಯಕ

ಹೆಬ್ಬೆರಳಿಗೂ ದಣಿವಾಗುತ್ತದೆಂದು ನನಗೆ ಗೊತ್ತಾದದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ದಣಿಯುವ ಕೆಲಸವನ್ನೆಲ್ಲ ಗಂಟಲಿಗೂ ಕಾಲಿಗೂ ವಹಿಸಿ, ಸೀಮೆಸುಣ್ಣ ಹಿಡಿಯುವುದೊಂದನ್ನು ಬಿಟ್ಟರೆ ಆ ಬೆರಳನ್ನು ನಿವೃತ್ತ ಅಧಿಕಾರಿಯಂತೆ ನೆಮ್ಮದಿಯಾಗಿ ಇಟ್ಟುಕೊಂಡಿದ್ದೆ. ಹಾನುಬಾಳಿನಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಹೇಳಿಕೊಡುವವನಿಗೆ ಟಿವಿಯ ಮುಂದೆ ಕೂತು ವಿಡಿಯೋ ಗೇಮಿನ ಗುಂಡಿ ಒತ್ತುವ ಯೋಗ ಬರುತ್ತದೆಂದು ಯಾರು ತಾನೆ ಊಹಿಸಿಯಾರು?

ಇದಕ್ಕೆಲ್ಲ ಕಾರಣ ಗೆಳೆಯ ಸಿರಿಲ್. ಅಜ್ಜನ ಕಾಲದಲ್ಲಿ ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬಂದ ಮನೆತನದವನು. ಊರಾಚೆಯ ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಗಾದರೆ ಕೂಲಿ ಲೈನಿನ ಆಳುಗಳ ಹೆಸರು ಕೂಗಿ, ಹಾಜರಿ ಬರೆದು, ಕೆಲಸ ಹಂಚುವುದು ಅವನ ಪಾಲಿನದು. ಅವನ ಕೈಬರಹ ಎಷ್ಟು ಸೊಗಸಾಗಿತ್ತೆಂದರೆ, ಅಕ್ಷರ ಹೇಗಿರಬೇಕೆಂದು ಮಕ್ಕಳಿಗೆ ತೋರಿಸಲು ಒಮ್ಮೆ ಅವನ ಹಳೆಯ ಹಾಜರಿ ಪುಸ್ತಕವನ್ನೇ ತರಗತಿಗೆ ಒಯ್ದಿದ್ದೆ. ಅಂಥವನಿಗೆ ಒಂದು ಬೆಳಗ್ಗೆ, ಹೆಸರು ಕೂಗುತ್ತಿದ್ದ ಹಾಗೆಯೇ ನಾಲಿಗೆ ತೊದಲಿತು. ಬಲಗೈಯಿಂದ ಪೆನ್ನು ಜಾರಿತು. ಎಲ್ಲರ ಹಾಜರಿ ಹಾಕುವವನು ತಿಂಗಳುಗಟ್ಟಲೆ ತಾನೇ ಗೈರುಹಾಜರಾದ.

ಮಾತು ಬೇಗ ಮರಳಿತು, ಕೈ ಮರಳಲಿಲ್ಲ. ಬೆರಳುಗಳನ್ನು ಸುಮ್ಮನಿರಲು ಬಿಡಬೇಡಿ ಎಂದರು ಡಾಕ್ಟರು. ಅವನ ಹೆಂಡತಿ ಐರಿನ್ ಮೊದಲು ಅವರೆಕಾಯಿ ಸುಲಿಯಲು ಕೊಟ್ಟು ನೋಡಿದರು. ಅದರಲ್ಲಿ ಅವನಿಗೆ ರುಚಿ ಹುಟ್ಟಲಿಲ್ಲ. ಆಗ ಅವರ ತಮ್ಮ ಮಂಗಳೂರಿನಿಂದ ಟಿವಿಗೆ ಸಿಕ್ಕಿಸುವ ಒಂದು ವಿಡಿಯೋ ಗೇಮ್ ತಂದುಕೊಟ್ಟ.

ಆಟದ ನಾಯಕ ಹಳದಿ ಅಂಗಿಯ ಒಬ್ಬ ಕುಳ್ಳ, ಕೈಯಲ್ಲೊಂದು ಲಾಟೀನು. ಓಡುತ್ತಾನೆ, ಹಾರುತ್ತಾನೆ, ಸೇತುವೆ ಮುರಿದು ಹೊಳೆಗೆ ಬೀಳುತ್ತಾನೆ. ಬಿದ್ದ ಮರುಗಳಿಗೆಯಲ್ಲೇ ದಡದ ಮೇಲೆ, ಅಂಗಿ ಕೂಡ ನೆನೆಯದೆ, ಮೊದಲಿನಂತೆ ನಿಂತಿರುತ್ತಾನೆ. ಭಾನುವಾರ ಮಧ್ಯಾಹ್ನ ಜೊತೆಗಾರನಾಗಿ ಹೋಗಿ ಕೂರುತ್ತಿದ್ದ ನಾನು, ಅರ್ಧ ಜೀವದ ಕೈಯವನೆದುರು ಪೂರ್ಣಾಯುಸ್ಸಿನ ಎರಡು ಕೈಗಳಿಂದ ಸೋಲುತ್ತಿದ್ದೆ. ಅವನ ಬಲಗೈಗೆ ಹಾರುವ ಗುಂಡಿ ಒತ್ತಲು ಬಂದದ್ದು ಎರಡು ತಿಂಗಳ ಮೇಲೆ. ಕುಳ್ಳ ಮೊದಲ ಸೇತುವೆ ದಾಟಿದ ದಿನ ಐರಿನ್ ಅಡುಗೆಮನೆಯಿಂದ ಬಂದು, ಒಲೆಯ ಮೇಲಿದ್ದದ್ದನ್ನು ಸೀಯಲು ಬಿಟ್ಟು, ಬಾಗಿಲಲ್ಲೇ ನಿಂತುಬಿಟ್ಟರು.

ಸ್ವಲ್ಪ ದಿನಕ್ಕೆ ಅದೇ ಆಟದ ಎರಡನೇ ಭಾಗದ ಕ್ಯಾಸೆಟ್ಟು ಬಂತು. ಅದರಲ್ಲಿ ನಾಯಕನಿಗೆ ಗಡ್ಡ ನರೆತಿದೆ, ಒಂದು ಕಾಲು ಕುಂಟುತ್ತದೆ, ತಮ್ಮನನ್ನು ಕಳೆದುಕೊಂಡಿದ್ದಾನಂತೆ. ಪ್ರತಿ ಸೇತುವೆಯ ಮುಂದೆ ನಿಂತು ನಿಟ್ಟುಸಿರು ಬಿಡುತ್ತಾನೆ. ನನಗೋ ರೋಮಾಂಚನ. ಬದಲಾಗದ ನಾಯಕನನ್ನು ಯಾರು ಎರಡನೆಯ ಸಲ ನೋಡುತ್ತಾರೆ, ಪಾತ್ರವೆಂದರೆ ಬೆಳೆಯಬೇಕು ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಬರೆಸುತ್ತಿದ್ದ ಟಿಪ್ಪಣಿಯನ್ನೇ ಅಲ್ಲಿ ಕೂತು ಉಪನ್ಯಾಸ ಮಾಡಿದೆ. ಸಿರಿಲ್ ಎಲ್ಲವನ್ನೂ ಕೇಳಿಸಿಕೊಂಡು ಎಡಗೈಯಿಂದ ಕ್ಯಾಸೆಟ್ಟು ಕಿತ್ತು ಪಕ್ಕಕ್ಕಿಟ್ಟ.

"ಬದ್ಲಾಗೋಕೆ ನಾವಿದೀವಲ್ಲ ಮೇಷ್ಟ್ರೇ," ಎಂದ. "ಅವ್ನಾದ್ರೂ ಹಂಗೇ ಇರ್ಲಿ ಬುಡಿ."

ಮನೆಗೆ ನಡೆಯುತ್ತ ಯೋಚಿಸಿದೆ. ಪ್ರತಿ ಜೂನಿನಲ್ಲೂ ಅದೇ ಪಾಠ, ಅದೇ ಜಾಗದಲ್ಲಿ ಅದೇ ಹಾಸ್ಯ, ಹೊಸ ಮಕ್ಕಳಿಂದ ಅದೇ ನಗು. ಅವರ ಲೆಕ್ಕದಲ್ಲಿ ನಾನು ಬದಲಾಗದ ನಾಯಕ. ನನಗೆ ಮಾತ್ರ ನಾನು ಎರಡನೇ ಭಾಗದವನು, ಪ್ರತಿ ಮೆಟ್ಟಿಲ ಮುಂದೆ ನಿಂತು ನಿಟ್ಟುಸಿರು ಬಿಡುವವನು. ಓದುಗ ಮಹಾಶಯರೇ, ನಿಮಗೂ ಹೀಗನ್ನಿಸಿದ್ದುಂಟೋ ಏನೋ.

ಕಾಫಿ ಕೊಯ್ಲು ಹತ್ತಿರವಾದಾಗ ಎಸ್ಟೇಟಿನ ಸಾಹುಕಾರರು ಸಿರಿಲ್‌ನನ್ನು ನೋಡಲು ಬಂದರು. ಒಳ್ಳೆಯ ಮನುಷ್ಯ, ಅಷ್ಟು ದಿನವೂ ಅವನ ಜಾಗವನ್ನು ಹಾಗೇ ಉಳಿಸಿದ್ದರು. ಒಂದು ಹೆಸರು ಬರೆದು ತೋರಿಸು ಎಂದು ಪುಸ್ತಕ ಮುಂದಿಟ್ಟರು. ಸೇತುವೆಗಳನ್ನೆಲ್ಲ ದಾಟಿಸಿದ್ದ ಬೆರಳುಗಳಿಗೆ ಪೆನ್ನು ಹಿಡಿಯಲಾಗಲಿಲ್ಲ. ಗೆರೆ ನಡುಗುತ್ತ ಹಾಳೆಯ ಅಂಚಿಗೆ ಹೋಗಿ ನಿಂತಿತು. ಸಾಹುಕಾರರು ಪುಸ್ತಕವನ್ನು ಮುಚ್ಚಿ ಕಂಕುಳಿಗೇರಿಸಿದರು. ಸಸಿಗಳ ನರ್ಸರಿ ನೋಡಿಕೊಳ್ಳಲು ಅನುಭವಸ್ಥರು ಬೇಕು, ಬರವಣಿಗೆಗೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದು ಹೇಳಿ ಎದ್ದರು.

ಒಂದು ವಾರ ಸಿರಿಲ್ ಟಿವಿಯ ಕಡೆ ತಿರುಗಿಯೂ ನೋಡಲಿಲ್ಲವೆಂದು ಐರಿನ್ ಹೇಳಿದರು. ಆಮೇಲಿನ ಭಾನುವಾರ ನಾನು ಹೋದಾಗ ಪರದೆಯ ಮೇಲೆ ನರೆತ ಗಡ್ಡದವನಿದ್ದ. ಸಿರಿಲ್ ಅವನನ್ನು ನಿಧಾನವಾಗಿ ನಡೆಸುತ್ತಿದ್ದ.

"ಇವ್ನು ಹಾರೋದು ಕಮ್ಮಿ," ಎಂದ, ಪರದೆಯಿಂದ ಕಣ್ಣು ತೆಗೆಯದೆ. "ಆದ್ರೆ ಯಾವ ಸೇತುವೆ ಮುರೀತದೆ ಅಂತ ಮುಂಚೇನೇ ಗೊತ್ತಾಯ್ತದೆ ಇವ್ನಿಗೆ."

ಹಾಗಾದರೆ ನನ್ನ ವಾದ ಒಪ್ಪಿದಂತಾಯಿತಲ್ಲ ಎಂದು ಕೆಣಕಿದೆ.

"ಒಪ್ಕೊಂಡಿಲ್ಲ ಕಣ್ರೀ. ಆ ಕುಳ್ಳನೇ ನಂಗಿಷ್ಟ. ಆದ್ರೆ ಈಗಿರೋನು ಇವ್ನಲ್ವಾ."

ಇಪ್ಪತ್ತು ವರ್ಷದ ನನ್ನ ಟಿಪ್ಪಣಿಯಲ್ಲಿ ಈ ಸಾಲು ಎಲ್ಲೂ ಇರಲಿಲ್ಲ. ನಾಯಕನ ಬದಲಾವಣೆ ಬರೆಯುವವನಿಗೆ ಒಂದು ಚಾತುರ್ಯ, ಓದಿಸುವವನಿಗೆ ಒಂದು ಪ್ರಶ್ನೋತ್ತರ; ಬದಲಾದವನನ್ನು ಹೊತ್ತು ಮುಂದಕ್ಕೆ ಸಾಗಬೇಕಾದವನಿಗೆ ಮಾತ್ರ ಅದು ದುಡಿಮೆ.

ಸಿರಿಲ್ ನರ್ಸರಿಗೆ ಹೋಗತೊಡಗಿ ತಿಂಗಳಾದ ಮೇಲೆ, ಶಾಲೆಗೆ ರಜವಿದ್ದ ಒಂದು ದಿನ ಅತ್ತ ಹೋಗಿದ್ದೆ. ಹೆಂಗಸರು ಸಾಲಾಗಿ ಕೂತು ಸಣ್ಣ ಚೀಲಗಳಿಗೆ ಮಣ್ಣು ತುಂಬುತ್ತಿದ್ದರು. ಹೊಸ ರೈಟರ್, ಸೋಮವಾರಪೇಟೆ ಕಡೆಯ ನಡುವಯಸ್ಸಿನವರು, ಹಾಜರಿ ಪುಸ್ತಕ ಹಿಡಿದು ಒಂದು ತುದಿಯಲ್ಲಿ ನಿಂತಿದ್ದರು. ಇನ್ನೊಂದು ತುದಿಯಲ್ಲಿ ಸಿರಿಲ್. ಹೆಂಗಸೊಬ್ಬಳು ತಲೆಯೆತ್ತದೆ, "ರೈಟ್ರೇ, ಇಲ್ಬನ್ನಿ," ಎಂದು ಕೂಗಿದಳು. ಇಬ್ಬರೂ ತಿರುಗಿದರು. ಅವಳು ತಲೆಯೆತ್ತಿ ಇಬ್ಬರನ್ನೂ ನೋಡಿದಳು. ಮಣ್ಣು ಹಿಡಿದ ಕೈ ಹಾಗೇ ನಿಂತಿತು. ಹೊಸಬರು ಪುಸ್ತಕದ ಮೇಲೆ ಕಣ್ಣಿಟ್ಟು, "ನಿಮ್ಮನ್ನೇ ಕಣ್ರೀ ಕರೀತಿರೋದು, ಹೋಗಿ," ಎಂದರು.

ಸಿರಿಲ್ ಒಂದು ಗಳಿಗೆ ನಿಂತ. ಆಮೇಲೆ, "ಏನವ್ವಾ?" ಎನ್ನುತ್ತ ಅವಳ ಕಡೆಗೆ ನಡೆದ.