ಒಂದು ಮಾರು ಮಣ್ಣು

ಕಾಶವ್ವ ತಮಗೆ ಅಡ್ಡಬೀಳುತ್ತಾಳೆಂದು ಸತ್ಯಮೂರ್ತಿಯವರು ಎರಡು ವರ್ಷ ನಂಬಿದ್ದರು. ನಂಬದೆ ಏನು ಮಾಡಿಯಾರು? ಗೋರೆಗಾಂವ್ ಆಚೆ, ಕಾಡಿಗೆ ಅಂಟಿಕೊಂಡ ಹೊಳೆದಂಡೆಯ ಉದ್ಯಾನಕ್ಕೆ ಬೆಳಿಗ್ಗೆ ಆರೂವರೆಗೆ ಇವರು ವಾಕಿಂಗ್ ಸಂಘದ ಹನ್ನೆರಡು ಮಂದಿಯ ಮುಂದಾಳಾಗಿ ಕಾಲಿಟ್ಟರೆ, ಆ ಹೆಂಗಸು ಮಣ್ಣಿನ ಹಾದಿಯಲ್ಲಿ ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಾಗಿರುತ್ತಿದ್ದಳು. “ಇರಲಿ, ಇರಲಿ, ಏಳಮ್ಮ” ಎಂದು ಇವರು ಬಲಗೈ ಎತ್ತುತ್ತಿದ್ದರು. ಆಕೆ ಎದ್ದು, “ಅಂಚು ಹಿಡದು ನಡೀರಿ ಸಾಹೇಬ್ರ” ಎನ್ನುತ್ತಿದ್ದಳು. ಬೂಟಿಗೆ ಧೂಳಾದೀತೆಂಬ ಕಾಳಜಿ ಎಂದುಕೊಂಡು ಇವರು ಕರಗಿಹೋಗುತ್ತಿದ್ದರು. ಆಮೇಲೆ ಆಕೆ ಪೊರಕೆ ಹಿಡಿದು ಹಾದಿಯನ್ನು ನುಣ್ಣಗೆ ಮಾಡುವಳು, ಅದೂ ಇವರಿಗಾಗಿಯೇ.

“ನೀವು ಬರ್ತೀರಾಂತ ಹಾದಿ ಗುಡಿಸೋಕೆ ನೀವೇನು ಮೆರವಣಿಗೆ ದೇವರೇ?” ಎಂದು ಹೆಂಡತಿ ರಮಾಮಣಿ ಕೇಳಿದ್ದುಂಟು.

“ಬಡವರ ಮನಸ್ಸು ನಿನಗೆ ಅರ್ಥವಾಗಲ್ಲ ಬಿಡು” ಎಂದಿದ್ದರು. ವಿಕ್ರೋಳಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮಾಲು ಪರೀಕ್ಷಿಸಿ ಠಸ್ಸೆ ಒತ್ತಿದವರು. ಮನುಷ್ಯರನ್ನೂ ಒಂದೇ ನೋಟಕ್ಕೆ ಪಾಸು ಮಾಡಿಬಿಡುತ್ತಿದ್ದರು.

ಕಾಶವ್ವ ಬಾಗಿ ನೋಡುತ್ತಿದ್ದದ್ದು ಚಿರತೆಯ ಹೆಜ್ಜೆಯನ್ನು. ವಿಜಯಪುರದ ಕಡೆಯಿಂದ ಬಂದ ಆಕೆ ಹನ್ನೊಂದು ವರ್ಷ ಮಾಡಿದ ಕೆಲಸ ಅದು. ಹಾದಿಯ ಮಣ್ಣು ಗುಡಿಸಿ ಸಪಾಟು ಮಾಡಿಡುವುದು. ಮರುದಿನ ಮೊದಲ ಓರೆ ಬೆಳಕಿನಲ್ಲಿ ಬಗ್ಗಿ, ಯಾವುದು ಬಂತು, ಎತ್ತ ಹೋಯಿತು ಎಂದು ಓದುವುದು. ಅಕ್ಷರ ಬಾರದ ಆಕೆಗೆ ಹಿಂಗಾಲಿನ ಬೆರಳೊಂದು ಮೊಂಡಾದ ಹೆಣ್ಣು ಚಿರತೆಯ ದಿನಚರಿ ಬಾಯಿಪಾಠ. ಅದು ಹೊಳೆ ದಾಟಿದ್ದರೆ ಆಚೆ ದಂಡೆಯ ಗುಡಿಸಲುಗಳಿಗೆ ಕೂಗಿ ಹೇಳುವಳು. ಅಂದು ಅಲ್ಲಿಯ ಮಕ್ಕಳು ಒಂಟಿಯಾಗಿ ಹೊರಗೆ ಬರುತ್ತಿರಲಿಲ್ಲ. ಅದರಲ್ಲೊಂದು ಗುಡಿಸಲು ಆಕೆಯ ಮಗಳು ಶೈಲಾಳದು.

ಇದಾವುದನ್ನೂ ಅರಿಯದ ಸತ್ಯಮೂರ್ತಿಯವರಿಗೆ ಒಂದು ದಿನ ಕರುಣೆ ಉಕ್ಕಿತು. ಪಾಪ, ಎಷ್ಟು ದಿನ ಅಂತ ಧೂಳು ತಿಂದಾಳು? ಹಾದಿಗೆ ಪೇವರ್ ಬ್ಲಾಕ್ ಹಾಕಿಸಬೇಕೆಂದು ಪಾಲಿಕೆಗೆ ಇಂಗ್ಲಿಷಿನಲ್ಲಿ ಮೂರು ಪುಟದ ಅರ್ಜಿ ಬರೆದರು. ಗುಂಡಿ ಮುಚ್ಚಲು ಮೂರು ಮಳೆಗಾಲ ಬೇಕಾಗುವ ಈ ಊರಿನಲ್ಲಿ ಬ್ಲಾಕಿಗೆ ಮಂಜೂರಾತಿ ಮೂರೇ ತಿಂಗಳಲ್ಲಿ ಬಂತು.

ಬ್ಲಾಕಿನ ಲಾರಿ ಬಂದ ದಿನವೇ ಕಾಶವ್ವ ಇವರ ಬಿಲ್ಡಿಂಗಿನ ಮೂರು ಮಾಳಿಗೆ ಹತ್ತಿ ಬಂದಳು. ಬಾಗಿಲಲ್ಲೇ ನಿಂತು ಎಲ್ಲ ಬಿಡಿಸಿ ಹೇಳಿದಳು.

“ಅಂದ್ರೆ… ನೀನು ನಮಸ್ಕಾರ ಮಾಡ್ತಿರಲಿಲ್ವಾ?”

“ನಿಮಗ್ಯಾಕ ಮಾಡ್ಲಿರಿ?” ಆಕೆಗೆ ನಿಜವಾಗಿಯೂ ಅಚ್ಚರಿಯಾಗಿತ್ತು. “ಅರ್ಜಿ ಮ್ಯಾಲ ಸಹಿ ನಿಮ್ದೈತಂತ. ಪೂರಾ ಬ್ಯಾಡ್ರಿ ಸಾಹೇಬ್ರ. ಹೊಳಿ ದಾಟೂ ಜಾಗಾದಾಗ ಒಂದು ಮಾರು ಮಣ್ಣು ಬಿಡಸ್ರಿ, ಅಷ್ಟ ಸಾಕು. ಅದೂ ಇಲ್ಲಂದ್ರ ನನಗ ಕೆಲಸ ಇಲ್ಲ, ಹುಡುಗೋರಿಗೆ ಸುದ್ದಿ ಇಲ್ಲ.”

“ಒಂದು ಸಾಲು ಬರೆದುಕೊಟ್ರೆ ಕೈ ಸವೆಯುತ್ತಾ?” ಎಂದರು ಒಳಗಿನಿಂದ ರಮಾಮಣಿ.

“ನೋಡೋಣ” ಎಂದರು ಸತ್ಯಮೂರ್ತಿ.

ನೋಡಿದರು ಕೂಡ. ಕಾಗದ ತೆಗೆದು ತಾರೀಖು ಹಾಕಿದರು. ಆದರೆ ಮೊದಲ ಅರ್ಜಿ ತಪ್ಪೆಂದು ಅದೇ ಕೈಯಲ್ಲಿ ಬರೆಯುವುದು ಹೇಗೆ? ಸಂಘದವರು ನಗುವುದಿಲ್ಲವೇ? ಉದ್ಘಾಟನೆಯ ಫೋಟೋದಲ್ಲಿ ಹಾದಿಯ ನಡುವೆ ಹಲ್ಲು ಬಿದ್ದ ಬಾಯಿಯಂತೆ ಮಣ್ಣು ಕಾಣಿಸಿದರೆ? ಕಾಗದ ಡ್ರಾಯರಿನೊಳಗೆ ಹೋಯಿತು. ಉದ್ಘಾಟನೆ ಆಯಿತು. ಕಲ್ಲಿನ ಮೇಲೆ, ಕೊನೆಯ ಸಾಲಿನಲ್ಲಿ, ಇವರ ಹೆಸರೂ ಬಂತು. ಗುಡಿಸುವ ಮಣ್ಣೇ ಇಲ್ಲದ ಮೇಲೆ ಗುಡಿಸುವವಳು ಏತಕ್ಕೆಂದು ಪಾಲಿಕೆಯವರು ಕಾಶವ್ವನನ್ನು ಕೆಲಸದಿಂದ ತೆಗೆದರು.

ಮಳೆಗಾಲ ಮುಗಿಯುವುದರೊಳಗೆ ಆಚೆ ದಂಡೆಯಲ್ಲಿ ಎರಡು ಮೇಕೆ ಹೋದವು. ಆಮೇಲೆ ಶೈಲಾಳ ಆರು ವರ್ಷದ ಮಗಳ ಹೆಗಲಿಗೆ ಹದಿನೇಳು ಹೊಲಿಗೆ ಬಿದ್ದವು. ಹುಡುಗಿ ಉಳಿದಳು, ಬಲಗೈ ಮಾತ್ರ ಮೇಲೇಳುವುದಿಲ್ಲ. ವಾಕಿಂಗ್ ಸಂಘ ಗೇಟಿನ ಹೊರಗೇ ನಡೆಯತೊಡಗಿತು.

ಕಾಶವ್ವ ಈಗ ಸತ್ಯಮೂರ್ತಿಯವರ ಬಿಲ್ಡಿಂಗಿನ ಕಾಂಪೌಂಡು ಗುಡಿಸುತ್ತಾಳೆ, ನಿಜಕ್ಕೂ ಇವರಿಗಾಗಿಯೇ. ಒಂದು ಬೆಳಿಗ್ಗೆ ಇವರು ಗಂಟಲು ಸರಿಮಾಡಿಕೊಂಡು ಹತ್ತಿರ ಹೋದರು.

“ಕಾಶವ್ವ, ನಾವೆಲ್ಲ ಮತ್ತೆ ಒಳಗಡೆ ವಾಕಿಂಗ್ ಶುರು ಮಾಡೋಣ ಅಂತಿದೀವಿ. ಆ ಬ್ಲಾಕಿನ ಮೇಲೆ ಚಿರತೆ ಬಂದಿತ್ತಾ ಇಲ್ವಾ ಅಂತ ತಿಳಿಯೋಕೆ ಏನಾದ್ರೂ ಸುಲಭದ ಉಪಾಯ ಇದೆಯಾ?”

ಆಕೆ ಬಗ್ಗಿದ ಬೆನ್ನು ಎತ್ತಲಿಲ್ಲ.

“ಹೋಗೂಮುಂದ ಎಷ್ಟು ಮಂದಿ ಅಂತ ಎಣಸ್ರಿ. ಬರೂಮುಂದ ಮತ್ತೊಮ್ಮಿ ಎಣಸ್ರಿ.”